ಪಟ್ಟಿ ಕಟ್ಟುತ್ತಿದ್ದ ಸಿಸ್ಟರ್

ನನ್ನ ಕಾಲನ್ನು ಅವರು ಒಂದು ಸಲವೂ ‘ನಿಮ್ಮ ಕಾಲು’ ಅನ್ನಲಿಲ್ಲ. ‘ನಮ್ಮ ಕಾಲು ಹೆಂಗೈತ್ರಿ ಸಾವಕಾರ್ರ’ ಎಂದೇ ಕೇಳುತ್ತಿದ್ದರು. ಮೊದಮೊದಲು ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಉರಿ ನನಗೆ, ಸೋರುವುದು ನನ್ನ ಧೋತರಕ್ಕೆ, ನಡುವೆ ಇವರದೆಂಥ ಪಾಲು ಎಂದು ಒಳಗೊಳಗೇ ಗೊಣಗಿಕೊಂಡದ್ದುಂಟು. ಆಮೇಲೆ ನೋಡಿದರೆ ಆರೋಗ್ಯ ಕೇಂದ್ರದ ಪಟ್ಟಿ ಕಟ್ಟುವ ಕೋಣೆಯ ಬೆಂಚಿನ ಮೇಲೆ ಸಾಲಾಗಿ ಕೂತ ಅಷ್ಟೂ ಮಂದಿಯ ಕಾಲು ಅವರ ಬಾಯಲ್ಲಿ ‘ನಮ್ಮ ಕಾಲು’ ಆಗಿತ್ತು. ವೆರ್ಣಾದ ಕಾರ್ಖಾನೆಯ ಗೇಟಿನಲ್ಲಿ ದಿನವಿಡೀ ನಿಲ್ಲುವ ವಾಚಮನ್‌ನ ಕಾಲು, ಮೀನು ಮಾರುವ ಹೆಂಗಸಿನ ಕಾಲು, ಹೋಟೆಲಿನಲ್ಲಿ ಪೂರಿ ಕರಿಯುವವನ ಕಾಲು, ಎಲ್ಲವೂ ಅವರವೇ. ಅಷ್ಟು ಕಾಲುಗಳ ಒಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುವುದಿಲ್ಲ. ಅದೂ ಅಲ್ಲದೆ ವಾಸ್ಕೋದ ನಮ್ಮ ಜನ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆ ಆರೋಗ್ಯ ಕೇಂದ್ರದಲ್ಲಿ ಇನ್ನೂ ನಾಲ್ಕು ಮಂದಿ ನರ್ಸುಗಳಿದ್ದರು. ಅವರಲ್ಲಿ ಒಬ್ಬರು ಸಣ್ಣ ಸಿಸ್ಟರ್, ಒಬ್ಬರು ಸೂಜಿ ಸಿಸ್ಟರ್, ಹೀಗೆ. ಬರೀ ಸಿಸ್ಟರ್ ಅಂದರೆ ಇವರೇ. ನಿವೃತ್ತರಾಗಿ ವರ್ಷವಾಗುತ್ತ ಬಂತು. ಹೋದ ತಿಂಗಳು ವಾಸ್ಕೋ ಬಿಟ್ಟು ವಿಜಯಪುರದಲ್ಲಿರುವ ತಂಗಿಯ ಮನೆಗೆ ಹೋದರೆಂದು ತಿಳಿದ ದಿನದಿಂದ ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕೆಂದು ನನ್ನ ಕೈ ಕಡಿಯುತ್ತಿದೆ.

ಕುಳ್ಳ ಆಳು. ದಪ್ಪ ಗಾಜಿನ ಕನ್ನಡಕ, ಅದಕ್ಕೊಂದು ಕರಿ ದಾರ. ತಂದೆ ವಿಜಯಪುರದ ಕಡೆಯಿಂದ ಬಂದರಿನಲ್ಲಿ ಹಮಾಲಿ ಮಾಡಲು ಬಂದವರು. ಇವರು ಹುಟ್ಟಿದ್ದು, ಓದಿದ್ದು, ನೌಕರಿ ಹಿಡಿದದ್ದು ಎಲ್ಲ ಗೋವಾದಲ್ಲೇ. ಮೀನು ಮಾರುವವಳ ಹತ್ತಿರ ಕೊಂಕಣಿ, ಬಿಹಾರದ ಹುಡುಗರ ಹತ್ತಿರ ಹಿಂದಿ, ಸಿಂಧುದುರ್ಗದವರ ಹತ್ತಿರ ಮರಾಠಿ ಆಡುತ್ತಿದ್ದರು. ಬೈಯುವ ಹೊತ್ತು ಬಂದರೆ ಮಾತ್ರ ಎದುರಿಗೆ ಯಾರೇ ಇರಲಿ ಕನ್ನಡಕ್ಕೆ ಇಳಿಯುತ್ತಿದ್ದರು. ಕನ್ನಡದ ಗಂಧಗಾಳಿ ಇಲ್ಲದ ಬಿಹಾರದ ಹುಡುಗ ಕೂಡ ಆ ಬೈಗುಳಕ್ಕೆ ತಲೆ ತಗ್ಗಿಸಿ ‘ಜೀ ಸಿಸ್ಟರ್’ ಅನ್ನುವುದನ್ನು ನಾನೇ ಕೇಳಿದ್ದೇನೆ.

ಈಗ ನನ್ನ ಕಾಲಿನ ಕಥೆ ಸ್ವಲ್ಪ ಹೇಳಬೇಕು. ಅದನ್ನು ಬಿಟ್ಟು ಅವರ ಬಗ್ಗೆ ಹೇಳಲು ಬರುವುದಿಲ್ಲ.

ನಮ್ಮದು ಬೈಲಹೊಂಗಲ ಕಡೆಯ ಮನೆತನ. ನಮ್ಮ ತಂದೆಯವರು ವಾಸ್ಕೋಗೆ ಬಂದು ಸೀರೆ ಅಂಗಡಿ ಹಾಕಿದರು. ಇಲಕಲ್ಲ ಸೀರೆ, ಕುಪ್ಪಸದ ಕಣ, ಅಂಗಿ ಬಟ್ಟೆ, ಶಾಲೆಯ ಸಮವಸ್ತ್ರ, ನಮ್ಮ ಕಡೆಯ ದುಡಿಯುವ ಮಂದಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಒಂದು ದಿನ ಅಂಗಡಿಯ ಶಟರ್ ಎಳೆಯುವಾಗ ಅದರ ತಗಡಿನ ಚೂಪು ಎಡಗಾಲಿನ ಒಳಮಗ್ಗುಲಿಗೆ, ಹರಡಿನ ಗಂಟಿನ ಮೇಲೆ ತಾಗಿತು. ಕಡಲೆಕಾಳಿನಷ್ಟು ಗಾಯ. ಎಂಟು ದಿನದಲ್ಲಿ ಮಾಯುತ್ತದೆ ಅಂದುಕೊಂಡೆ. ಎರಡು ವರ್ಷ ಕಳೆದಾಗ ಅದು ವೀಳ್ಯದೆಲೆಯಷ್ಟಾಗಿತ್ತು.

ಆ ಎರಡು ವರ್ಷದಲ್ಲಿ ನಾನು ಮಾಡದ ಉಪಚಾರವಿಲ್ಲ. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು, ಬದಲಿಸಿ ಬದಲಿಸಿ ನುಂಗಿದ ಗುಳಿಗೆ, ಬೈಲಹೊಂಗಲದಿಂದ ಬಂದ ಕರಿ ಮುಲಾಮು, ಅರಿಸಿನ, ಬೇವಿನ ಸೊಪ್ಪು. ಒಣಗಲಿ ಎಂದು ಬೆಳಿಗ್ಗೆ ಗ್ಯಾಲರಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂಡುತ್ತಿದ್ದೆ. ಮೇಲೆ ಹೊಪ್ಪಳೆ ಕಟ್ಟಿದಾಗ ಸಂತೋಷ, ಸಂಜೆ ಅದು ಒಡೆದು ನೀರು ಸೋರಿದಾಗ ದುಃಖ. ನೋವನ್ನಾದರೂ ತಡೆದುಕೊಳ್ಳಬಹುದು, ವಾಸನೆಯನ್ನು ತಡೆದುಕೊಳ್ಳುವುದು ಕಷ್ಟ. ಅಂಗಡಿಯಲ್ಲಿ ಒಂದರ ಹಿಂದೊಂದು ಊದಿನಕಡ್ಡಿ ಹಚ್ಚುತ್ತಿದ್ದೆ. ಸಾವಕಾರರು ಈಚೆಗೆ ಭಾಳ ದೈವಭಕ್ತರಾಗಿದ್ದಾರೆ ಎಂದು ಗಿರಾಕಿಗಳು ಹೊಗಳಿದರು. ಧಾರವಾಡದಲ್ಲಿ ಮಗಳ ಮನೆಗೆ ಹೋಗುವುದನ್ನು ಬಿಟ್ಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ಏನು ಗತಿ, ಮೊಮ್ಮಗಳು ತೊಡೆಯ ಮೇಲೆ ಕೂಡಲು ಬಂದು ಹಿಂದೆ ಸರಿದರೆ ಏನು ಗತಿ ಎಂಬ ಹೆದರಿಕೆ. ಯಾವುದೋ ಖಾಸಗಿ ಡಾಕ್ಟರು ಹೀಗೇ ಬಿಟ್ಟರೆ ಎಲುಬಿಗೆ ಇಳಿದು ಕಾಲು ತೆಗೆಯುವ ಪ್ರಸಂಗ ಬಂದರೂ ಬರಬಹುದು ಅಂದರು. ಆ ಮಾತಿನಲ್ಲಿ ‘ಬರಬಹುದು’ ಎಂಬುದು ನನ್ನ ಕಿವಿಗೆ ಬೀಳಲಿಲ್ಲ, ‘ತೆಗೆಯುವ’ ಎಂಬುದಷ್ಟೇ ಬಿತ್ತು.

ಆರೋಗ್ಯ ಕೇಂದ್ರದಲ್ಲಿ ಕಸ ಗುಡಿಸುವ ಹೆಣ್ಣುಮಗಳು ನಮ್ಮ ಗಿರಾಕಿ. ಅವಳಿಗೆ ನನ್ನ ಭಕ್ತಿಯ ಮೇಲೆ ಸಂಶಯ ಬಂದಿರಬೇಕು. ನನ್ನ ಹೆಂಡತಿಯ ಕಿವಿಯಲ್ಲಿ ಸಿಸ್ಟರ್ ವಿಷಯ ಹೇಳಿದಳು. ಸರಕಾರಿ ದವಾಖಾನೆಯ ಪಾಳಿಯಲ್ಲಿ ನಿಲ್ಲುವುದೇ ಎಂದು ನಾನು ಸೆಟೆದುಕೊಂಡೆ. ನಾಲ್ಕು ದಿನ ಹೆಂಡತಿ ನನ್ನ ಹತ್ತಿರ ಮಾತು ಬಿಟ್ಟಳು. ಐದನೆಯ ದಿನ, ಗುರುವಾರ, ಹೋದೆ.

ಪಾಳಿ ಬಂದಾಗ ಸಿಸ್ಟರ್ ನನ್ನ ಮುಖ ನೋಡಲಿಲ್ಲ. ಸ್ಟೂಲಿನ ಮೇಲಿದ್ದ ಕಾಲಿನ ಕಡೆಗೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಏನೇನು ಹಚ್ಚಿದ್ದೀರಿ ಎಂದು ಕೇಳಿದರು. ಆ ಬೆಂಚಿನ ಮೇಲೆ ಎಲ್ಲರಿಗೂ ಮೊದಲು ಬೀಳುತ್ತಿದ್ದ ಪ್ರಶ್ನೆ ಅದೇ. ಒಬ್ಬ ತಂಬಾಕು ಅನ್ನುತ್ತಿದ್ದ, ಒಬ್ಬಳು ಹಲ್ಲುಪುಡಿ, ಇನ್ನೊಬ್ಬ ಚಹಾಪುಡಿ. ಯಾವ ಉತ್ತರಕ್ಕೂ ಅವರು ನಗುತ್ತಿರಲಿಲ್ಲ. ಕಾಗದದ ಮೇಲೆ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ನಾನು ಹಿಂದಿನ ವಾರ ಯಾರೋ ಕೊಟ್ಟ ಬಿಳಿ ಪುಡಿಯನ್ನು ದಪ್ಪಗೆ ಉದುರಿಸಿಕೊಂಡು ಹೋಗಿದ್ದೆ.

“ಇದೇನ್ರಿ ಸಾವಕಾರ್ರ, ಕಾಲಿಗೆ ಹಿಟ್ಟು ಹಚ್ಚೀರಿ. ಬಜಿ ಕರಿಯಾಕ ತಂದೀರೇನು?”

ಬೆಂಚಿನವರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಆದರೆ ಅಷ್ಟರಲ್ಲಿ ಅವರು ಉಗುರುಬೆಚ್ಚಗಿನ ಸಲೈನ್ ನೀರು ಬಿಡತೊಡಗಿದ್ದರು. ಎರಡು ವರ್ಷ ಎಲ್ಲರೂ ಆ ಗಾಯವನ್ನು ಉಜ್ಜಿದವರು, ಒತ್ತಿದವರು, ಕೆರೆದವರು. ಇವರು ನೆನೆಸಿದರು. ಹಿಟ್ಟೆಲ್ಲ ತಾನಾಗಿ ಬಿಡುವತನಕ ನೆನೆಸಿದರು. ಒಣಗಿಸುವುದೇ ಗುಣವಾಗುವುದು ಅಲ್ಲ, ಒಣಗಿದ ಹೊಪ್ಪಳೆಯ ಕೆಳಗೆ ಹೊಸ ಚರ್ಮಕ್ಕೆ ಹರಿದಾಡಲು ದಾರಿ ಸಿಗುವುದಿಲ್ಲ ಎಂದು ನೀರು ಬಿಡುತ್ತಲೇ ಹೇಳಿದರು. ಆಮೇಲೆ ಡಾಕ್ಟರರನ್ನು ಕರೆದರು. ಆ ತರುಣ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿದರು, ಪಾದದ ಮೇಲೆ ಸಣ್ಣ ಯಂತ್ರವಿಟ್ಟು ನಾಡಿಯ ಸಪ್ಪಳ ಕೇಳಿದರು. ಕೆಳಗೆ ಹೋಗುವ ರಕ್ತ ಸರಿಯಾಗಿಯೇ ಹೋಗುತ್ತಿದೆ, ಮೇಲೆ ಬರಬೇಕಾದದ್ದು ಬರುತ್ತಿಲ್ಲ, ಕಾಲಿನ ರಕ್ತದ ನರಗಳು ಸೋತಿವೆ ಎಂದರು. ರೋಗ ಗಾಯದ್ದಲ್ಲ, ನರದ್ದು. ಎರಡು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ನಾನೂ ಯಾರ ಹತ್ತಿರವೂ ಪೂರ್ತಿ ಕೇಳುವಷ್ಟು ಹೊತ್ತು ಕೂತಿರಲಿಲ್ಲ.

ಹಾಗೆ ಶುರುವಾಯಿತು ಪಟ್ಟಿ. ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಹತ್ತಿಯ ಮೇಲೆ ಬಿಗಿ ಪಟ್ಟಿ, ಅದರ ಮೇಲೆ ಇನ್ನೊಂದು. ಅವರು ಅದನ್ನು ಕಟ್ಟುವುದನ್ನು ನೋಡಬೇಕು. ಎಳೆತ ಎಲ್ಲಿಯೂ ಹೆಚ್ಚಿಲ್ಲ, ಎಲ್ಲಿಯೂ ಕಡಿಮೆ ಇಲ್ಲ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧ ಕೂಡುತ್ತ ಮೇಲೇರುತ್ತಿತ್ತು. ಬಟ್ಟೆಯ ವ್ಯಾಪಾರದಲ್ಲಿ ಹುಟ್ಟಿ ಬೆಳೆದ ನಾನು ಬಟ್ಟೆಯ ಮೇಲೆ ಅಷ್ಟು ಹಿಡಿತವಿದ್ದ ಕೈಯನ್ನು ಕಂಡಿರಲಿಲ್ಲ. ಕಟ್ಟಿ ಮುಗಿಸಿ ಮೂರು ಮಾತು ಹೇಳಿದರು. ಮುಂದಿನ ಗುರುವಾರದವರೆಗೆ ಪಟ್ಟಿ ಬಿಚ್ಚಬಾರದು. ಕೂತಾಗ ಕಾಲು ಮೇಲಿರಬೇಕು, ಮನೆಯಲ್ಲಿ ಮಲಗಿ ಎದೆಗಿಂತ ಎತ್ತರ, ಅಂಗಡಿಯಲ್ಲಿ ಕೊನೆಗೆ ಸೊಂಟದ ಮಟ್ಟಕ್ಕಾದರೂ. ಮತ್ತೆ ದಿನಾ ನಡೆಯಬೇಕು, ಆದರೆ ನಿಲ್ಲಬಾರದು.

ಪ್ರತಿ ವಾರ ಗಾಯದ ಮೇಲೆ ಎರಡು ಪದರ ತೆಳ್ಳಗಿನ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಅಂಚು ಬರೆದುಕೊಳ್ಳುತ್ತಿದ್ದರು. ಗಾಯಕ್ಕೆ ತಾಗಿದ ಪದರ ಕಸದ ಡಬ್ಬಿಗೆ, ಮೇಲಿನದು ಫೈಲಿಗೆ. ಎರಡು ವಾರ ಅಂಚು ಕಿರಿದಾಯಿತು. ಮೂರನೆಯ ವಾರ ಅಲ್ಲೇ ನಿಂತಿತು. ನಾಲ್ಕು, ಐದು, ಆರನೆಯ ವಾರ ಮತ್ತೆ ಹಿಗ್ಗಿತು. ಸಿಸ್ಟರ್ ಆ ಹಾಳೆಗಳನ್ನು ಬೆಳಕಿಗೆ ಹಿಡಿದು ಒಂದಿಷ್ಟು ಹೊತ್ತು ನೋಡಿ ಫೈಲಿಗೆ ಸೇರಿಸಿದರು. ಗೆರೆ ಯಾಕೆ ಹಿಗ್ಗಿತೆಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ನಡೆದದ್ದು ಇಷ್ಟು. ನಮ್ಮ ಅಂಗಡಿಯಲ್ಲಿ ಇಂದಿಗೂ ಗಾದಿ ಇದೆ. ಕಟ್ಟೆಯ ಮೇಲೆ ಬಿಳಿ ಹಾಸಿಗೆ, ಲೋಡು, ಎದುರಿಗೆ ಗಿರಾಕಿಗಳಿಗೆ ಬೆಂಚು. ಹದಿನೈದನೆಯ ವಯಸ್ಸಿಗೆ ತಂದೆಯವರು ನನ್ನನ್ನು ಆ ಗಾದಿಯ ಮೇಲೆ ಕೂರಿಸಿದ ದಿನ ಹೇಳಿದ್ದು ವ್ಯಾಪಾರದ ಗುಟ್ಟನ್ನಲ್ಲ. ಗಾದಿಯ ಮೇಲೆ ಕಾಲು ಚಾಚಬಾರದು, ಗಿರಾಕಿಯ ಮುಖಕ್ಕೆ ಅಂಗಾಲು ಮಾಡಿದರೆ ಲಕ್ಷ್ಮಿಯನ್ನು ಒದ್ದ ಹಾಗೆ, ಇಷ್ಟೇ. ಅವರು ಕೊನೆಯ ಕಾಲದಲ್ಲಿ ಮೊಣಕಾಲು ಬಾತು ಅಳುವಷ್ಟು ನೋವಿದ್ದರೂ ಕಾಲು ಮಡಚಿಯೇ ಕೂತರು. ನಾನೂ ನಲವತ್ತೈದು ವರ್ಷ ಮಡಚಿ ಕೂತವನು. ಸಿಸ್ಟರ್ ಪಟ್ಟಿ ಕಟ್ಟಿದ ಕಾಲು ಮಡಚಲು ಬರುತ್ತಿರಲಿಲ್ಲ, ಮಡಚಿದರೆ ಮೊಣಕಾಲಿನ ಕೆಳಗೆ ಕಚ್ಚುತ್ತಿತ್ತು. ಎರಡು ವಾರ ಹೇಗೋ ತಡೆದೆ, ಮೂರನೆಯ ವಾರದಿಂದ ಬೆಳಿಗ್ಗೆ ಅಂಗಡಿಗೆ ಬಂದವನೇ ಪಟ್ಟಿ ಬಿಚ್ಚಿ, ಚಂದಾಗಿ ಸುತ್ತಿ, ಕತ್ತರಿ ಇಡುವ ಡ್ರಾವರಿನಲ್ಲಿ ಇಡುತ್ತಿದ್ದೆ. ರಾತ್ರಿ ಮನೆಗೆ ಹೋಗುವ ಮುಂಚೆ, ಗುರುವಾರ ದವಾಖಾನೆಗೆ ಹೋಗುವ ಮುಂಚೆ ನನಗೆ ಬಂದ ಹಾಗೆ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಆರನೆಯ ಗುರುವಾರ ಕಳೆದ ಮೇಲೆ ಬಂದ ರವಿವಾರ. ವೆರ್ಣಾ, ಕುಂಡಯಿ ಕಡೆಯ ಕಾರ್ಖಾನೆಗಳಿಗೆ ರಜೆ, ಹಾಗಾಗಿ ಅಂಗಡಿ ತುಂಬಿತ್ತು. ಹಸಿರು ಸೀರೆ ಉಟ್ಟ ಹೆಂಗಸೊಬ್ಬರು ಬಂದು ತಂಗಿಯ ಮಗಳಿಗೆ ಇಲಕಲ್ಲ ಸೀರೆ ಕೇಳಿದರು. ಬಿಳಿ ಬಟ್ಟೆಯಲ್ಲಿ ಇರಲಿಲ್ಲವಾದ್ದರಿಂದ ನನಗೆ ಗುರುತು ಹತ್ತಲಿಲ್ಲ. ಹತ್ತು ಸೀರೆ ಹರವಿದೆ. ಅವರು ಮೇಲಿನ ಖಾನೆಯಲ್ಲಿದ್ದ ದಾಳಿಂಬೆ ಬಣ್ಣದ್ದನ್ನು ತೋರಿಸಿರೆಂದರು. ಎದ್ದು ನಿಂತು ಕೈ ಚಾಚಿದೆ. ಧೋತರ ಮೇಲೆ ಸರಿಯಿತು. ತಿರುಗಿ ನೋಡುತ್ತೇನೆ, ಅವರ ಕಣ್ಣು ಸೀರೆಯ ಮೇಲಿಲ್ಲ, ಬರೀ ಹತ್ತಿಯ ತುಣುಕು ಅಂಟಿಸಿದ್ದ ನನ್ನ ಕಾಲಿನ ಮೇಲಿದೆ. ದಪ್ಪ ಗಾಜಿನ ಆ ಕನ್ನಡಕ ಆಗ ಗುರುತಿಗೆ ಬಂತು. ಸೀರೆ ಕೈಯಿಂದ ಜಾರಿ ಗಾದಿಯ ಮೇಲೆ ಬಿತ್ತು.

ಅವರು ದಾಳಿಂಬೆ ಬಣ್ಣದ್ದನ್ನೇ ಆರಿಸಿ ಕಟ್ಟಿಸಿಕೊಂಡರು. ಬೆಂಚಿನ ಮೇಲೆ ಕೂತು ಕಾದರು. ಗದ್ದಲ ಕರಗಿ ವಾಸ್ಕೋದ ಬೈನಾ ಕಡೆಯ ಇಬ್ಬರು ಹೆಣ್ಣುಮಕ್ಕಳು ಮಾತ್ರ ಕಣ ನೋಡುತ್ತ ಉಳಿದಾಗ ಮೆಲ್ಲಗೆ ಕೇಳಿದರು.

“ನನ್ನ ಪಟ್ಟಿ ಎಲ್ಲೈತ್ರಿ?”

ಡ್ರಾವರಿನಿಂದ ತೆಗೆದು ಕೊಟ್ಟೆ. ಶಾಲೆಯಲ್ಲಿ ನಕಲು ಚೀಟಿ ಸಿಕ್ಕಿಬಿದ್ದವನಂತೆ ನನ್ನ ಕಿವಿ ಬಿಸಿಯಾಗಿತ್ತು. ಅವರು ಸುರುಳಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಚಂದ ಸುತ್ತಿದ್ದೀರಿ ಅಂದರು. ತಾವು ಕಟ್ಟಿದರೆ ಪಟ್ಟಿಯ ಕೊನೆ ಕಾಲಿನ ಹೊರಮಗ್ಗುಲಿಗೆ ಬರುತ್ತದೆ, ನಾನು ಕಟ್ಟಿಕೊಂಡು ಹೋಗುತ್ತಿದ್ದದ್ದು ಒಳಮಗ್ಗುಲಿಗೆ ಬರುತ್ತಿತ್ತಂತೆ. ನಾಲ್ಕು ವಾರದಿಂದ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ.

“ಕೇಳಿದ್ರ ಸುಳ್ಳ ಹೇಳತಿದ್ರಿ. ಒಮ್ಮೆ ಸುಳ್ಳ ಹೇಳಿದವ್ರು ನಾಚಿ ಮತ್ತ ಬರೂದಿಲ್ರಿ. ನೀವು ಬರೂದು ನಿಂತ್ರ ನಮ್ಮ ಕಾಲು ಹೋಗ್ತೈತಿ. ಅದಕ್ಕ ನಾನ ಬಂದೆ.”

ಆಗ ನಾನು ಬಾಯಿಬಿಟ್ಟೆ. ಗಾದಿಯ ವಿಷಯ, ತಂದೆಯವರ ಮಾತು, ಲಕ್ಷ್ಮಿ, ಗಿರಾಕಿ, ಎಲ್ಲ ಹೇಳಿದೆ. ಅವರು ಕೊನೆಯತನಕ ಕೇಳಿದರು. ಇಷ್ಟು ಸಣ್ಣ ಮಾತಿಗೆ ಕಾಲು ಕಳೆದುಕೊಳ್ಳುತ್ತೀರೇನು ಎಂದು ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅದು ಸಣ್ಣ ಮಾತು ಎಂದು ಅವರು ಅನ್ನಲಿಲ್ಲ. ಚಪ್ಪಲಿ ಬಿಟ್ಟರು. ಬೆಂಚಿನ ಮೇಲೆ ಹಿಂದೆ ಸರಿದು ಕೂತರು. ಎರಡೂ ಕಾಲು ಎತ್ತಿ ನನ್ನ ಬಿಳಿ ಗಾದಿಯ ಅಂಚಿಗೆ ಇಟ್ಟರು. ಅಂಗಾಲು ನೆಟ್ಟಗೆ ನನ್ನ ಮುಖಕ್ಕೆ.

ಬೈನಾದ ಹೆಣ್ಣುಮಕ್ಕಳು ಕಣ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ಸಿಸ್ಟರ್ ಸೀರೆಯನ್ನು ಒಂದು ಗೇಣು ಮೇಲೆ ಸರಿಸಿದರು. ಮೈಬಣ್ಣದ ಬಿಗಿಯಾದ ಉದ್ದ ಕಾಲುಚೀಲ. ಒಂದು ಕಾಲಿನದನ್ನು ಸ್ವಲ್ಪ ಕೆಳಗಿಳಿಸಿ ತೋರಿಸಿದರು. ಒಳಗೆ ನರಗಳು ಹಗ್ಗದಂತೆ ಗಂಟುಗಂಟಾಗಿದ್ದವು, ಚರ್ಮ ನನ್ನ ಕಾಲಿನ ಹಾಗೆಯೇ ಕಂದಿತ್ತು.

“ಮೂವತ್ತು ವರ್ಷ ನಿಂತ ಕಾಲು ಇವು. ನಿಮ್ಮ ಮಾರಿಗೆ ಅಂಗಾಲು ಮಾಡಿ ಕುಂತೇನಿ. ನನ್ನ ಮ್ಯಾಲ ಸಿಟ್ಟು ಬಂತೇನ್ರಿ ನಿಮಗ?”

ಇಲ್ಲ ಎಂದೆ. ಖರೇ ಹೇಳಬೇಕೆಂದರೆ ನನಗೆ ಬಂದದ್ದು ಸಿಟ್ಟಲ್ಲ, ಸಂಕಟ. ಇಷ್ಟು ವಾರ ನನ್ನ ಕಾಲಿಗಾಗಿ ಈ ಕಾಲುಗಳ ಮೇಲೆ ನಿಂತಿದ್ದರಲ್ಲ ಎಂಬ ಸಂಕಟ.

“ಯಾಕ ಬರಲಿಲ್ಲ? ಇದು ಬ್ಯಾನಿ ಕಾಲು ಅಂತ ನಿಮಗ ತಿಳೀತು. ಗಿರಾಕಿಗೂ ತಿಳೀಲಿ. ಮುಚ್ಚಿಡಬ್ಯಾಡ್ರಿ, ಹೇಳ್ರಿ.”

ಕಾಲಿಳಿಸಿದರು. ಹೊರಗಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ಕೈ ತೊಳೆದು ಬಂದರು. ಅವರ ಚೀಲದಲ್ಲಿ ಸಲೈನ್ ಬಾಟಲಿ, ರಬ್ಬರ್ ಕೈಗವಸು, ಹತ್ತಿ, ಹೊಸ ಪಟ್ಟಿ ಎಲ್ಲ ಇತ್ತು. ಸೀರೆಗೆಂದು ಬಂದವರಲ್ಲ, ತಯಾರಾಗಿಯೇ ಬಂದವರು. ನನ್ನ ಗಾದಿಯ ಮೇಲೆಯೇ, ರವಿವಾರದ ಹಾಡುಹಗಲಲ್ಲಿ, ಗಾಯ ತೊಳೆದು ಪಟ್ಟಿ ಕಟ್ಟಿದರು. ನಾನು ಕಣ್ಣು ಮುಚ್ಚಿ ಕೂತಿದ್ದೆ. ಕಣ್ಣು ಬಿಟ್ಟಾಗ ಬೈನಾದ ಹೆಣ್ಣುಮಕ್ಕಳಲ್ಲಿ ಒಬ್ಬಳು ನನ್ನ ಹಿಮ್ಮಡಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ನವಲಗುಂದದಲ್ಲಿ ತನ್ನ ಅತ್ತೆಗೂ ಇದೇ ಗಾಯ ಎಂಟು ವರ್ಷದಿಂದ ಇದೆ, ಕರೆದುಕೊಂಡು ಬಂದರೆ ನೋಡುತ್ತೀರೇನು ಎಂದು ಅವಳು ಸಿಸ್ಟರನ್ನು ಕೇಳುತ್ತಿದ್ದಳು.

ಮರುದಿನ ಹೆಂಡತಿ ಮನೆಯಿಂದ ಒಂದು ಕಟ್ಟಿಗೆ ಸ್ಟೂಲು ತಂದು, ಮೇಲೆ ಹಳೆಯ ಕೌದಿ ಮಡಚಿ ಹಾಕಿ, ಗಾದಿಯ ಮೇಲೆ ಇಟ್ಟಳು. ನಾನು ಗೋಡೆಯ ಮೇಲಿನ ಲಕ್ಷ್ಮೀನಾರಾಯಣರ ಪಟಕ್ಕೆ ಕೈಮುಗಿದು ತಪ್ಪಾಯಿತು ಅಂದೆ. ನಮ್ಮವಳು ಪಟವನ್ನೂ ನನ್ನನ್ನೂ ನೋಡಿದಳು. “ಆಕೀನ ಗಂಡನ ಕಾಲು ಒತ್ತಿಕೋತ ಕುಂತಾಳ. ನಿಮ್ಮ ಕಾಲು ನೋಡಿ ಎದ್ದು ಹೊಂಟಹೋಗ್ತಾಳೇನು?” ಅಂದಳು. ನಲವತ್ತೈದು ವರ್ಷ ಆ ಪಟದ ಕೆಳಗೇ ಕೂತಿದ್ದ ನಾನು ಚಿತ್ರವನ್ನು ಆವತ್ತೇ ಸರಿಯಾಗಿ ನೋಡಿದ್ದು.

ಮೊದಲ ದಿನ ಪ್ರತಿ ಗಿರಾಕಿಗೂ ಕ್ಷಮೆ ಕೇಳಿದೆ. ಮೂರನೆಯ ದಿನಕ್ಕೆ ಕೇಳುವುದು ಬೇಡವಾಯಿತು. ವಾರ ಕಳೆಯುವುದರೊಳಗೆ ನನ್ನ ಕಾಲು ನಮ್ಮ ಓಣಿಯ ಸುದ್ದಿಯಾಯಿತು. ಸೀರೆ ನೋಡಲು ಬಂದವರು ಸೀರೆಯ ಜೊತೆಗೆ ಮಾವನ ಕಾಲು, ತಾಯಿಯ ಕಾಲು, ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುವ ಗಂಡನ ಕಾಲು ಎಲ್ಲದರ ವಿಷಯ ಹೇಳತೊಡಗಿದರು. ಅವರಿಗೆ ನಾನು ಗುರುವಾರದ ವೇಳೆ ಹೇಳಿ ಕಳಿಸುತ್ತಿದ್ದೆ. ಪಾಳಿ ಉದ್ದವಾಯಿತೆಂದು ಸಿಸ್ಟರ್ ನನಗೇ ಬೈದರು. ಗಿರಾಕಿ ಕಡಿಮೆಯಾದರೆ ನನ್ನನ್ನು ಕೇಳಿರಿ ಎಂದು ಆ ರವಿವಾರ ಅವರೇ ಹೇಳಿ ಹೋಗಿದ್ದರು, ಹಾಗೆ ಕೇಳುವ ಪ್ರಸಂಗ ಬರಲಿಲ್ಲ. ಈಗಲೂ ಹೊಸಬರು ಯಾರಾದರೂ ಅಂಗಡಿಗೆ ಬಂದರೆ ಮೊದಲು ಕಾಣುವುದು ನನ್ನ ಅಂಗಾಲು. ಅವರ ಹುಬ್ಬು ಮೇಲೇರುವ ಮೊದಲೇ ಹಳೆಯ ಗಿರಾಕಿಗಳು ಕಾರಣ ಹೇಳಿಬಿಡುತ್ತಾರೆ.

ಸಿಸ್ಟರ್ ಬಗ್ಗೆ ಇನ್ನೊಂದೆರಡು ಮಾತು ಇಲ್ಲೇ ಬರೆಯುತ್ತೇನೆ, ಆಮೇಲೆ ಮರೆತೀತು. ಅವರು ಮುಖಗಳನ್ನು ಮರೆಯುತ್ತಿದ್ದರು, ಕಾಲುಗಳನ್ನಲ್ಲ. ಪೇಟೆಯಲ್ಲಿ ಎದುರಿಗೆ ಬಂದವರ ಮುಖ ನೋಡದೆ ಕೆಳಗೆ ನೋಡಿ, ‘ಓ, ನೀವೇನ್ರಿ’ ಅನ್ನುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನಾನೊಮ್ಮೆ ದಸರೆಗೆ ಸೀರೆ ಒಯ್ದಿದ್ದೆ. ಅದನ್ನು ವಾಪಸ್ಸು ಕೊಟ್ಟು, ಕೊಡಲೇಬೇಕೆಂದಿದ್ದರೆ ಮಾರಾಟವಾಗದೆ ತಾನುಗಟ್ಟಲೆ ಉಳಿಯುವ ಮೆತ್ತಗಿನ ಹಳೆಯ ಮಲ್ಲು ಬಟ್ಟೆ ಕೊಡಿರಿ, ಕಾಲಿನ ಕೆಳಗೆ ಹಾಸಲು ಬೇಕು ಅಂದರು. ಒಬ್ಬ ಮುದುಕ ತನ್ನ ಗಾಯ ಸಾಯುವತನಕ ಮಾಯುವುದಿಲ್ಲ ಎಂದು ಗೋಳಾಡಿದಾಗ, ಮಾಯುತ್ತದೆ ಎಂದು ಅವರು ಸುಮ್ಮನೆ ಸಮಾಧಾನ ಹೇಳಲಿಲ್ಲ. ಅವನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ತೋರಿಸಿದರು. ಒಂದರೊಳಗೆ ಒಂದು ಕಿರಿದಾಗುತ್ತ ಹೋದ ಗೆರೆಗಳನ್ನು ಅವನು ಬೆರಳಿಟ್ಟು ಎಣಿಸಿದ. ಆಮೇಲೆ ಅವನು ಗೋಳಾಡಿದ್ದನ್ನು ನಾನು ಕಂಡಿಲ್ಲ.

ನನ್ನ ಹಾಳೆಯ ಗೆರೆಗಳೂ ಕಿರಿದಾಗತೊಡಗಿದವು. ವೀಳ್ಯದೆಲೆ ಹೋಗಿ ಬಿಸ್ಕೀಟಿನಷ್ಟಾಯಿತು, ಆಮೇಲೆ ಅದರ ಅರ್ಧ. ಮಳೆಗಾಲದಲ್ಲಿ ಪಟ್ಟಿ ತೋಯ್ದು ಒಮ್ಮೆ ಕೆಟ್ಟಿತು, ಎರಡು ವಾರ ಹಿಂದೆ ಬಿದ್ದೆ. ನನ್ನ ಗಾಯ ಮುಚ್ಚಿದ್ದನ್ನು ನೋಡಿಯೇ ನೌಕರಿ ಬಿಡುತ್ತೇನೆ ಎಂದು ಸಿಸ್ಟರ್ ತಮಾಷೆ ಮಾಡುತ್ತಿದ್ದರು. ತಮಾಷೆಯ ಒಳಗೆ ಆಸೆ ಇದ್ದದ್ದು ನನಗೆ ಕಾಣುತ್ತಿತ್ತು. ಅವರ ನಿವೃತ್ತಿಯ ದಿನ ಹತ್ತಿರವಾದಷ್ಟೂ ನಾನು ದೇವರಿಗಿಂತ ಹೆಚ್ಚಾಗಿ ಆ ಕೌದಿಯ ಸ್ಟೂಲನ್ನು ನಂಬಿ ಕೂತೆ. ಅಷ್ಟಾದರೂ ಆಗಲಿಲ್ಲ. ಅವರ ಕೊನೆಯ ಗುರುವಾರ ನನ್ನ ಕಾಲಿನಲ್ಲಿ ಇನ್ನೂ ಹುಣಸೆಬೀಜದಷ್ಟು ಗಾಯ ಉಳಿದಿತ್ತು.

ಅವತ್ತು ಕೇಂದ್ರದವರು ಹಾರ, ಕೇಕು ತಂದು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. ಇವರು ಪಾಳಿ ಮುಗಿಯುವತನಕ ಆ ಕಡೆ ಹೋಗಲಿಲ್ಲ. ಹೊಸದಾಗಿ ಬಂದ ಸಿಸ್ಟರ್, ಮಡಗಾಂವ ಕಡೆಯ ಹುಡುಗಿ, ಪಕ್ಕದಲ್ಲಿ ನಿಂತಿದ್ದಳು. ಅವಳ ಕೈಗೆ ನನ್ನ ಕಾಲು ಕೊಟ್ಟು ಪಟ್ಟಿ ಕಟ್ಟಿಸಿದರು. ಬಿಚ್ಚಿಸಿದರು. ಮತ್ತೆ ಕಟ್ಟಿಸಿದರು. ಮೂರನೆಯ ಸಲಕ್ಕೆ ಬೆರಳು ತೂರಿಸಿ ಬಿಗಿ ನೋಡಿ ‘ಬರೆಂ’ ಎಂದು ಕೊಂಕಣಿಯಲ್ಲಿ ಮೆಚ್ಚಿ ತಲೆದೂಗಿದರು. ನನ್ನ ಕಡೆ ತಿರುಗಿ, ಕೈ ಬದಲಾಯಿತೆಂದು ಗುರುವಾರ ತಪ್ಪಿಸಬೇಡಿರಿ ಎಂದರು. ನಾನು ಏನೋ ಹೇಳಬೇಕೆಂದಿದ್ದೆ, ಅವರು ಅಷ್ಟರಲ್ಲಿ ಮುಂದಿನ ಕಾಲಿಗೆ ಹೋಗಿದ್ದರು.

ಐದು ಗುರುವಾರಗಳ ನಂತರ ಹೊಸ ಸಿಸ್ಟರ್ ಹತ್ತಿ ತೆಗೆದು ನೋಡಿದಳು. ಬೆಳಕು ಹತ್ತಿರ ಮಾಡಿ ಮತ್ತೆ ನೋಡಿದಳು. ಡಾಕ್ಟರರನ್ನು ಕರೆದಳು. ಗುಲಾಬಿ ಬಣ್ಣದ ತೆಳ್ಳಗಿನ ಹೊಸ ಚರ್ಮ ಅಂಚಿನಿಂದ ಅಂಚಿಗೆ ಕೂಡಿತ್ತು. ಇನ್ನು ಮುಂದೆ ಪಟ್ಟಿ ಬೇಡ, ಬಿಗಿ ಕಾಲುಚೀಲ ಸಾಕು, ಆದರೆ ಅದನ್ನು ಯಾವತ್ತೂ ಬಿಡಬಾರದು, ಸೋತ ನರಕ್ಕೆ ಮುಂದೆ ಏನು ಮಾಡಬೇಕೆಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿರಿ ಎಂದು ಡಾಕ್ಟರು ಹೇಳಿದರು. ಹೊರಗೆ ಬಂದು ಸ್ಕೂಟರಿನ ಮೇಲೆ ಕೂತೆ. ಕೀಲಿ ತಿರುಗಿಸಲು ಆಗಲಿಲ್ಲ. ಅತ್ತೆ. ಅರವತ್ತು ದಾಟಿದವನು ದವಾಖಾನೆಯ ಗೇಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅತ್ತೆ. ಆಮೇಲೆ ಅಂಗಡಿಗೂ ಹೋಗದೆ, ಮನೆಗೂ ಹೋಗದೆ, ಬೈನಾದಲ್ಲಿದ್ದ ಸಿಸ್ಟರ್ ಮನೆಗೆ ಹೋದೆ.

ಬಾಗಿಲು ತೆರೆದವರು ನನ್ನನ್ನು ನೋಡಿ ಹೌಹಾರಿದರು. ಕಣ್ಣು ನನ್ನ ಕಾಲಿಗೆ ಹೋಯಿತು. “ಏನಾತ್ರಿ, ಮತ್ತ ಒಡೀತೇನು?” ಅಂದರು. ಇಲ್ಲ ಸಿಸ್ಟರ್, ಮಾಯಿತು, ತೋರಿಸಲು ಬಂದೆ ಎಂದೆ.

ಅವರು ನನ್ನನ್ನು ಒಳಗೆ ಕೂರಿಸಿ, ಎದುರಿಗೆ ಸ್ಟೂಲು ಎಳೆದು ಕೂತರು. ಕಾಲುಚೀಲ ತೆಗೆಸಿ, ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ನೋಡಿದರು.

“ಮಾಯಿದ್ದು ತೋರಸಾಕ ಯಾರೂ ಬರೂದಿಲ್ರಿ ಸಾವಕಾರ್ರ. ಗಾಯ ಇದ್ದಾಗ ಬರ್ತಾರ. ಒಂದ ದಿವಸ ಬರೂದು ಬಿಡ್ತಾರ. ಮಾಯ್ತೋ, ಊರಿಗೆ ಹೋದ್ರೋ, ಸತ್ತರೋ ನನಗ ಗೊತ್ತಾಗೂದಿಲ್ಲ. ಇಷ್ಟ ವರ್ಷ ಹಂಗ ಆತು.”

ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು. ಅವರು ಸಂಕೋಚಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕೈಗೆ ರಬ್ಬರ್ ಹಾಕ್ಕೊಂಡ ಮುಟ್ಟೇನ್ರಿ ಇಷ್ಟ ದಿವಸ. ಬರಿಗೈಲೆ ಒಮ್ಮೆ ಮುಟ್ಟಲೇನು?”

ಹೂಂ ಎಂದೆ. ಅವರು ಅಂಗೈಯನ್ನು ಆ ಹೊಸ ಚರ್ಮದ ಮೇಲೆ ಇಟ್ಟು ಹಾಗೇ ಬಿಟ್ಟರು. ಹೆಚ್ಚುಕಡಿಮೆ ಒಂದು ವರ್ಷ ನಾನು ಕಾಲು ಕೊಟ್ಟು ಕೂತಿದ್ದ ಆ ಕೈ ಎಷ್ಟು ಒರಟಾಗಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು.